ಗಾಜಿನಕ್ಕ ಮತ್ತು ಶಾಲೆಯ ಹನ್ನೊಂದು ಕಿಟಕಿ

ಆ ಊರಿನವರು ತುಂಬಾ ಧೈರ್ಯವಂತರು ಎಂದು ಯಾರಾದರೂ ಹೊಗಳಿದರೆ ಗಾಜಿನಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು. ಒಮ್ಮೆ ಟಿವಿಯವನೊಬ್ಬ ಕ್ಯಾಮೆರಾದವನನ್ನು ಕಟ್ಟಿಕೊಂಡು ಅಂಗಡಿಗೇ ಬಂದ. ಇಷ್ಟು ವರ್ಷ ಫಿರಂಗಿಯ ಬಾಯಲ್ಲೇ ಬಾಳಿದ್ದೀರಲ್ಲ, ನಿಮ್ಮ ಧೈರ್ಯದ ಗುಟ್ಟೇನು ಎಂದು ಮೈಕನ್ನು ಅವಳ ಮೂಗಿಗೆ ತಾಗಿಸುವಂತೆ ಹಿಡಿದ. ಅವಳು ಅದನ್ನು ಅತ್ತ ಸರಿಸಿ, "ಹೋಗೋಕೆ ಬೇರೆ ಜಾಗ ಇಲ್ಲ ಅನ್ನೋದಕ್ಕೆ ನಿಮ್ಮ ಕಡೆ ಧೈರ್ಯ ಅಂತಾರಾ?" ಎಂದಳು. ಆ ಮಾತು ಟಿವಿಯಲ್ಲಿ ಬರಲಿಲ್ಲ. ಅವಳ ಕೈಯ ಗಾಯದ ಗುರುತುಗಳು ಮಾತ್ರ ಬಂದವು, ಕೆಳಗೆ ವೀರವನಿತೆ ಎಂದು ಬರೆದಿತ್ತು. ಅವು ಗುಂಡಿನ ಗುರುತುಗಳಲ್ಲ, ಗಾಜಿನವು. ನಲವತ್ತು ವರ್ಷ ಗಾಜು ಕೊಯ್ದವಳ ಕೈ ಇನ್ನು ಹೇಗಿದ್ದೀತು?

ಬಸ್ಸು ತಿರುಗುವ ಮೂಲೆಯಲ್ಲಿ ಅವಳ ಅಂಗಡಿ. ಒಂದು ಕೋಣೆ, ಅದರ ನಡುವೆ ಹಳೆಯ ಕಂಬಳಿ ಹೊದಿಸಿದ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಮರದ ಚೌಕಟ್ಟುಗಳು, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಸೈಕಲ್ ಟ್ಯೂಬುಗಳ ಗೊಂಚಲು. ಕೆಲಸಕ್ಕೆ ಇಬ್ಬರೇ ಹೆಂಗಸರು. ಗಾಜು ಕೊಯ್ಯುವವಳು ಗಾಜಿನಕ್ಕ. ಚೌಕಟ್ಟಿಗೆ ಕೂರಿಸುವವಳು ಅವಳ ನಾದಿನಿ, ಊರವರ ಬಾಯಲ್ಲಿ ಚಿಕ್ಕಕ್ಕ. ಮದುವೆಯ ಮಾತು ಎತ್ತಿದವರಿಗೆಲ್ಲ ಮಂಗಳಾರತಿ ಮಾಡಿ ಕಳಿಸಿ, ಅಣ್ಣನ ಮನೆಯಲ್ಲೇ ಉಳಿದವಳು. ಅತ್ತಿಗೆ ನಾದಿನಿ ದಿನವಿಡೀ ಕಚ್ಚಾಡುತ್ತಿದ್ದರು. ಹಾಗೆಂದು ಮೂರನೆಯವರು ಬಂದು ಒಬ್ಬಳ ಮೇಲೆ ಒಂದು ಮಾತಾಡಿದರೆ ಇಬ್ಬರೂ ಸೇರಿ ಅವರ ನೀರಿಳಿಸುತ್ತಿದ್ದರು.

ಎರಡು ದೇಶಗಳ ಜಗಳವೆಲ್ಲ ಎದುರಿನ ಬೋಳುಗುಡ್ಡದ್ದು. ಅದರ ಮೇಲೆ ಮರವಿಲ್ಲ, ನೀರಿಲ್ಲ, ಒಂದು ಆಡು ಹೊಟ್ಟೆ ತುಂಬಿಸಿಕೊಳ್ಳುವಷ್ಟು ಹುಲ್ಲೂ ಇಲ್ಲ. ಈ ಕಡೆಯ ಸರ್ಕಾರ ಅದು ನಮ್ಮ ಕಿರೀಟ ಎನ್ನುತ್ತದೆ, ಆ ಕಡೆಯ ಸರ್ಕಾರ ಅದು ನಮ್ಮ ಹೃದಯ ಎನ್ನುತ್ತದೆ. ದೂರದ ಯಾವುದೋ ಕೋಣೆಯಲ್ಲಿ ಕುಳಿತ ದೊಡ್ಡವರು ನಕ್ಷೆಯ ಮೇಲೆ ಗೆರೆ ಎಳೆದಾಗ ಗಾಜಿನಕ್ಕ ತಾಯಿಯ ಹೊಟ್ಟೆಯಲ್ಲಿದ್ದಳು. ಬೆಳಗಾಗುವಷ್ಟರಲ್ಲಿ ತಾಯಿಯ ತವರುಮನೆ ಪರದೇಶವಾಗಿತ್ತು. ಹೊಳೆಯ ಆಚೆ ದಡದಲ್ಲಿ ಅದರ ಹೆಂಚು ಕಾಣುತ್ತಿತ್ತು, ಒಲೆ ಉರಿದರೆ ಹೊಗೆಯೂ ಕಾಣುತ್ತಿತ್ತು, ಹೋಗಿ ಬರುವುದು ಮಾತ್ರ ಮುಗಿದಿತ್ತು. ಅಜ್ಜಿ ಸತ್ತ ಸುದ್ದಿ ಕಾಗದದಲ್ಲಿ ಬಂತು, ಎರಡು ತಿಂಗಳ ಮೇಲೆ. ಆ ಲಕೋಟೆಯನ್ನು ದಾರಿಯಲ್ಲಿ ಮೂರು ಕಡೆ ಒಡೆದು, ಓದಿ, ಅಂಟಿಸಿದ್ದರು. ನಮ್ಮವ್ವ ಸತ್ತದ್ದರಲ್ಲಿ ಇವರಿಗೆ ಓದೋಕೆ ಏನಿತ್ತು ಎಂದು ತಾಯಿ ಕೊನೆಯವರೆಗೂ ಕೇಳುತ್ತಿದ್ದಳು.

ಆಮೇಲೆ ಎರಡು ದೇಶಗಳೂ ಒಂದರ ಹಿಂದೆ ಒಂದು ದೊಡ್ಡ ಬಾಂಬು ಮಾಡಿಕೊಂಡವು. ಒಂದೇ ಒಂದು ಬಿದ್ದರೆ ಇಡೀ ನಗರ ಬೂದಿಯಾಗುವಂಥದು. ಅದು ಇಬ್ಬರ ಹತ್ತಿರವೂ ಇರುವುದರಿಂದ ಇನ್ನು ದೊಡ್ಡ ಯುದ್ಧವೇ ಆಗುವುದಿಲ್ಲ ಎಂದು ಪತ್ರಿಕೆಯವರು ಬರೆದರು. ಅವರು ಬರೆದದ್ದು ಸುಳ್ಳೇನಲ್ಲ. ದೊಡ್ಡದು ಆಗಲಿಲ್ಲ, ಚಿಕ್ಕದು ನಿಲ್ಲಲಿಲ್ಲ. ದೊಡ್ಡದನ್ನು ಕಪಾಟಿನಲ್ಲಿ ಜೋಪಾನವಾಗಿಟ್ಟು, ಚಿಕ್ಕದನ್ನೆಲ್ಲ ಈ ಊರಿನ ಮೇಲೂ ಎದುರಿನ ಊರಿನ ಮೇಲೂ ಎಸೆಯುತ್ತ ಕುಳಿತರು. ಒಂದು ಸಲ ನಗರದಿಂದ ಅಧಿಕಾರಿಯೊಬ್ಬ ಬಂದು ಶಾಲೆಯ ಅಂಗಳದಲ್ಲಿ ಊರವರನ್ನೆಲ್ಲ ಕೂರಿಸಿ, ದೊಡ್ಡ ಬಾಂಬು ಬಿದ್ದರೆ ಏನು ಮಾಡಬೇಕು ಎಂದು ಚಿತ್ರ ತೋರಿಸಿದ. ಬೆಳಕು ಕಂಡ ಕೂಡಲೇ ಕಿಟಕಿಯಿಂದ ದೂರ ಸರಿಯಬೇಕು, ಮೇಜಿನ ಕೆಳಗೆ ಮಲಗಬೇಕು, ಗಾಜು ಒಡೆದು ಮೈಗೆ ಚುಚ್ಚದ ಹಾಗೆ ನೋಡಿಕೊಳ್ಳಬೇಕು. ಗಾಜಿನಕ್ಕ ಎದ್ದು ನಿಂತು, ಗಾಜೆಲ್ಲ ಒಡೆದ ಮೇಲೆ ಹೊಸದು ಹಾಕಿಸೋಕೆ ಊರವರು ನನ್ನ ಹತ್ತಿರವೇ ಬರಬೇಕೋ ಅಥವಾ ನೀವೇ ಯಾರನ್ನಾದರೂ ಕಳಿಸುತ್ತೀರೋ ಎಂದು ವಿನಯದಿಂದ ಕೇಳಿದಳು. ಜನ ಬಿದ್ದು ಬಿದ್ದು ನಕ್ಕರು. ಅಧಿಕಾರಿ ಚಿತ್ರಗಳನ್ನು ಸುತ್ತಿಕೊಂಡು ಜೀಪು ಹತ್ತಿದ. ಅವಳೊಬ್ಬಳು ನಗಲಿಲ್ಲ.

ಮದುವೆಯಾಗಿ ಬಂದಾಗ ಅವಳಿಗೆ ಗಾಜು ಎಂದರೆ ಕನ್ನಡಿ, ಬಳೆ, ಅಷ್ಟೇ. ಕೆಲಸ ಕಲಿಸಿದವನು ಗಂಡ. ಅವನಿಗೆ ಕಲಿಸಿದವನು ಅವನಪ್ಪ. ಆ ಮಾವ ಎನ್ನುವ ಮನುಷ್ಯ ಊರಿಗೆ ಒಂದು ದೊಡ್ಡ ಉಪಕಾರ ಮಾಡಿ ಹೋಗಿದ್ದ. ಗುಂಡು ಬಿದ್ದಾಗಲೆಲ್ಲ ಒಂದೊಂದು ಮನೆಗೆ ಒಂದೊಂದು ಅಳತೆ ಹಿಡಿದು ಸಾಕಾಗಿ, ಊರಿನ ಬಡಗಿಯನ್ನು ಕೂರಿಸಿಕೊಂಡು ಒಂದು ನೇಮ ಮಾಡಿದ. ಇನ್ನು ಈ ಊರಿನಲ್ಲಿ ಮನೆಯಾಗಲಿ, ಅಂಗಡಿಯಾಗಲಿ, ಶಾಲೆಯಾಗಲಿ, ಯಾವ ಕಿಟಕಿ ಮಾಡಿದರೂ ಗಾಜಿನ ಚೌಕ ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ. ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ಮನೆಯ ಗಾಜು ಇನ್ನೊಂದು ಮನೆಗೆ ಕಣ್ಣು ಮುಚ್ಚಿಕೊಂಡು ಹಾಕಬಹುದು. ಬಾಣಂತಿ ಇರುವ ಮನೆಯ ಕಿಟಕಿ ಒಡೆದರೆ ಪಕ್ಕದ ಮನೆಯವರು ತಮ್ಮದನ್ನು ಬಿಚ್ಚಿ ಕೊಡುವುದು ಅಲ್ಲಿ ಮಾಮೂಲು. ಇನ್ನೊಂದು, ಚೌಕಟ್ಟಿಗಿಂತ ಗಾಜು ಸುತ್ತಲೂ ಒಂದು ಬೆರಳು ಚಿಕ್ಕದಿರಬೇಕು. ಆ ಸಂದಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಇಟ್ಟು, ಮೇಲೆ ಸುಣ್ಣದ ಪುಡಿಗೆ ಎಣ್ಣೆ ಕಲಸಿ ನಾದಿದ ಹಿಟ್ಟು ಒತ್ತಬೇಕು. ಫಿರಂಗಿ ಗುಡುಗಿದಾಗ ಗಾಜು ಆ ರಬ್ಬರಿನೊಳಗೆ ನಡುಗಿ ಸುಮ್ಮನಾಗುತ್ತದೆ. ಹೊರಗಿನ ಊರಿನ ಕೆಲಸಗಾರರು ಬಿಗಿಯಾಗಿ ಕೂರಿಸಿ ಹೋದ ಗಾಜು ಮೊದಲ ಸದ್ದಿಗೇ ಚೂರಾಗುತ್ತಿತ್ತು.

ಗಂಡ ಮಾತು ಕಡಿಮೆಯವನು. ಕೈ ಚಂದ. ಅವನು ಗಾಜಿನ ಮೇಲೆ ಕಟ್ಟರ್ ಎಳೆದರೆ ಹೊಸ ಬಟ್ಟೆ ಹರಿದಂತೆ ಒಂದೇ ಸದ್ದು. ಸಿಟ್ಟು ಬಂದಾಗ ಗಾಜು ಮುಟ್ಟಬೇಡ ಎನ್ನುವುದೊಂದೇ ಅವನು ಹೆಂಡತಿಗೆ ಹಾಕಿದ ಕಟ್ಟಳೆ. ಹಾಗಾದರೆ ಈ ಊರಲ್ಲಿ ನಾನು ಯಾವತ್ತು ಗಾಜು ಮುಟ್ಟಲಿ ಎಂದು ಅವಳು ಕೇಳುತ್ತಿದ್ದಳು.

ಅವನು ಹೋದದ್ದು ಗುಂಡಿಗೆ ಅಲ್ಲ. ಅದೊಂದು ವರ್ಷ ಎರಡು ಕಡೆಯ ದೊಡ್ಡವರಿಗೂ ಒಳ್ಳೆಯ ಬುದ್ಧಿ ಬಂದು, ಗಡಿಯ ಗೇಟಿನಲ್ಲಿ ಕೈಕುಲುಕುವ ಏರ್ಪಾಡಾಯಿತು. ಅವರ ಕಾರುಗಳು ಬರಲೆಂದು ದೊಡ್ಡ ರಸ್ತೆಯನ್ನು ಬೆಳಗಿನಿಂದ ಮುಚ್ಚಿದರು. ಅವತ್ತೇ ಅವನಿಗೆ ಎದೆನೋವು ಬಂತು. ಅಕ್ಕಪಕ್ಕದವರು ವ್ಯಾನಿನಲ್ಲಿ ಮಲಗಿಸಿ ಆಸ್ಪತ್ರೆಗೆ ಹೊರಟರೆ ಕಂಬ ಅಡ್ಡ ಹಾಕಿ ನಿಂತಿದ್ದ ಸಿಪಾಯಿ ಬಿಡಲಿಲ್ಲ. ಪಾಪ, ಅವನೂ ಅತ್ತುಬಿಡುವ ಹಾಗಿದ್ದ. ಇನ್ನು ಹತ್ತು ನಿಮಿಷ, ಇನ್ನು ಹತ್ತು ನಿಮಿಷ ಎನ್ನುತ್ತ ಒಂದೂವರೆ ಗಂಟೆ. ಮೂವತ್ತೆರಡು ಕಾರು ಹೋದವು. ಮೂವತ್ತೆರಡನೆಯದು ಹೋಗುವಾಗ ಗಂಡನ ತಲೆ ಅವಳ ತೊಡೆಯ ಮೇಲೆ ಭಾರವಾಗಿತ್ತು. ಸಂಜೆ ಎಲ್ಲರ ಮನೆಯ ಟಿವಿಯಲ್ಲೂ ಕೈಕುಲುಕಿದ್ದೇ ಕೈಕುಲುಕಿದ್ದು. ನಾಲ್ಕು ತಿಂಗಳಿಗೆ ಮತ್ತೆ ಗುಂಡು ಶುರುವಾಯಿತು. ಯಾರಾದರೂ ಶಾಂತಿ ಎಂದು ಬಾಯಿ ತೆರೆದರೆ ಅವಳು ಹೇಳುತ್ತಿದ್ದದ್ದು ಒಂದೇ. ಅವರ ಜಗಳಕ್ಕೆ ನನ್ನ ಗಾಜು ಹೋಯಿತು, ಅವರ ಸ್ನೇಹಕ್ಕೆ ನನ್ನ ಗಂಡ ಹೋದ, ಇನ್ನು ಅವರು ಏನು ಮಾಡಿದರೂ ನನಗೆ ತಿಳಿಸಬೇಡಿ.

ಅವಳಿಗೆ ಒಬ್ಬಳೇ ಮಗಳು. ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು, ನಾಲ್ವರ ಜೊತೆ ಒಂದು ಕೋಣೆಯಲ್ಲಿ ವಾಸ. ಅಳಿಯ ಎನ್ನುವವನು ಎಲ್ಲೋ ಇದ್ದಾನೆ, ಅವನ ಮಾತು ಬೇಡ. ಮೊಮ್ಮಗಳು ಚೂಟಿ ಅಜ್ಜಿಯ ಹತ್ತಿರವೇ ಬೆಳೆದಳು. ಎಂಟು ವರ್ಷ, ಮೂರನೇ ತರಗತಿ. ಸರಿಯಾಗಿ ಜಡೆ ಹಾಕಿಕೊಳ್ಳಲು ಬಾರದು, ಗುಂಡಿನ ಸದ್ದು ಕೇಳಿ ಇದು ನಮ್ಮದು, ಅದು ಅವರದು ಎಂದು ಹೇಳಲು ಬರುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಅಜ್ಜಿಗೆ ಮೊಮ್ಮಗಳ ಕಿವಿ ಎರಡನ್ನೂ ಮುಚ್ಚಿ ಹಿಡಿಯಬೇಕೆನಿಸುತ್ತಿತ್ತು.

ಆ ವರ್ಷ ಬೇಸಿಗೆ ಕಳೆದ ಮೇಲೆ ಒಂದು ಭಾನುವಾರ ಶಾಲೆಯ ಅಂಗಳಕ್ಕೇ ಫಿರಂಗಿಯ ಶೆಲ್ಲು ಬಿತ್ತು. ಮಕ್ಕಳಿಲ್ಲದ ದಿನವಾದ್ದರಿಂದ ಯಾರ ಜೀವಕ್ಕೂ ಏನೂ ಆಗಲಿಲ್ಲ. ಕಿಟಕಿಗಳು ಮಾತ್ರ ಒಂದೂ ಉಳಿಯಲಿಲ್ಲ. ಹನ್ನೊಂದು ಕಿಟಕಿ, ಕಿಟಕಿಗೆ ಎಂಟು ಚೌಕ, ಒಟ್ಟು ಎಂಬತ್ತೆಂಟು. ಟ್ಯೂಬಿನ ಪಟ್ಟಿ ದೂರದ ಗುಡುಗಿಗೆ ಆದೀತು, ಅಂಗಳದಲ್ಲೇ ಬಿದ್ದದ್ದಕ್ಕೆ ಏನು ಮಾಡೀತು? ಹೆಡ್‌ಮೇಡಂ ಪ್ಲಾಸ್ಟಿಕ್ ಹಾಳೆ ಹೊಡೆಸಿದರು. ಗಾಳಿ ಬೀಸಿದರೆ ಅದು ಪಟಪಟ ಬಡಿದು ಪಾಠ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಶಿಕ್ಷಣ ಕಚೇರಿಯಿಂದ ಸುತ್ತೋಲೆ ಬಂತು. ಚಳಿಗಾಲಕ್ಕೆ ಮುಂಚೆ ಕಿಟಕಿಗೆ ಗಾಜಿಲ್ಲದ ಶಾಲೆಗಳನ್ನು ಮುಚ್ಚಲಾಗುವುದು, ಮಕ್ಕಳನ್ನು ಕೆಳಗಿನ ಪಟ್ಟಣಗಳ ಹಾಸ್ಟೆಲುಗಳಿಗೆ ಹಂಚಲಾಗುವುದು, ಮುಂದಿನ ತಿಂಗಳ ಮೊದಲ ಸೋಮವಾರ ತಪಾಸಣೆ. ಒಮ್ಮೆ ಮುಚ್ಚಿದ ಶಾಲೆ ಆ ಕಡೆಯಲ್ಲಿ ಮತ್ತೆ ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಚೂಟಿಯ ಹೆಸರಿನ ಮುಂದೆ ನಾಲ್ಕು ಗಂಟೆ ದೂರದ ಯಾವುದೋ ಹಾಸ್ಟೆಲಿನ ಹೆಸರು ಆಗಲೇ ಬಿದ್ದಾಗಿತ್ತು.

ಹೆಡ್‌ಮೇಡಂ ಕಚೇರಿಯಿಂದ ಕಚೇರಿಗೆ ಅಲೆದು ಆರು ದೊಡ್ಡ ಹಾಳೆ ಗಾಜು ಮಂಜೂರು ಮಾಡಿಸಿಕೊಂಡರು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾಳೆಗಳು. ಒಂದೊಂದರಲ್ಲಿ ಹದಿನಾರು ಚೌಕ, ಒಟ್ಟು ತೊಂಬತ್ತಾರು, ಒಡೆದರೆ ಇರಲಿ ಎಂದು ಎಂಟು ಹೆಚ್ಚು. ಅವು ಬರಲು ಮೂರು ವಾರ ಹಿಡಿಯಿತು. ತಪಾಸಣೆಗೆ ಐದು ದಿನ ಇರುವಾಗ, ಬುಧವಾರ ಸಂಜೆ, ಹುಲ್ಲು ತುರುಕಿದ ಮರದ ಪೆಟ್ಟಿಗೆಯಲ್ಲಿ ಆರೂ ಹಾಳೆ ಅಂಗಡಿಗೆ ಬಂದು ನಿಂತವು. ಒಂದಕ್ಕೂ ಕೂದಲೆಳೆಯ ಬಿರುಕಿಲ್ಲ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಕಟ್ಟಡ ಇಲಾಖೆಯ ಇಂಜಿನಿಯರ್ ಬಂದ.

ಊರ ಮೇಲಿನ ದಿಣ್ಣೆಯಲ್ಲಿ ಆರು ತಿಂಗಳಿನಿಂದ ಒಂದು ವೀಕ್ಷಣಾ ಮಂದಿರ ಏಳುತ್ತಿತ್ತು. ಗುಂಡು ಹಾರದ ದಿನಗಳಲ್ಲಿ ದೂರದ ನಗರಗಳಿಂದ ಪ್ರವಾಸಿಗರು ಬಂದು, ಬೆಚ್ಚಗೆ ಕುಳಿತು, ದುರ್ಬೀನಿನಲ್ಲಿ ಬೋಳುಗುಡ್ಡವನ್ನೂ ಶತ್ರುಗಳನ್ನೂ ನೋಡಬೇಕಂತೆ. ಭಾನುವಾರ ಮಂತ್ರಿಗಳು ಅದನ್ನು ಉದ್ಘಾಟಿಸುವವರಿದ್ದರು. ಅದಕ್ಕೆಂದು ತಂದ ಗಾಜು ಲಾರಿಯಲ್ಲೇ ತಿರುವಿಗೆ ಸಿಕ್ಕಿ ಪುಡಿಯಾಗಿತ್ತು. ಇಂಜಿನಿಯರ್ ಐವತ್ತರ ಹತ್ತಿರದವನು, ಎರಡು ದಿನ ನಿದ್ದೆಗೆಟ್ಟ ಮುಖ. ಅಂಗಡಿಯೊಳಗೆ ಬಂದವನೇ ಪೆಟ್ಟಿಗೆಗೆ ಟೇಪು ಹಿಡಿದ. ಆರು ಅಡಿ, ನಾಲ್ಕು ಅಡಿ. ಅವನ ಮುಖಕ್ಕೆ ಜೀವ ಬಂತು.

"ನೋಡಮ್ಮಾ, ಈ ಗಾಜು ನಮಗೆ ಬೇಕು. ಶಾಲೆಗೆ ಆಮೇಲೆ ತರಿಸಿಕೊಡ್ತೀವಿ. ಇದು ದೇಶದ ಕೆಲಸ."

"ಶಾಲೆ ಯಾವ ದೇಶದ್ದು ಸಾರ್?" ಎಂದಳು ಗಾಜಿನಕ್ಕ.

ಅವನು ತಾಳ್ಮೆಯಿಂದ ವಿವರಿಸಲು ನೋಡಿದ. ಮಂತ್ರಿಗಳು ಬರುವ ದಿನಕ್ಕೆ ಗಾಜು ಇಲ್ಲದಿದ್ದರೆ ತನ್ನ ನೌಕರಿಗೇ ಸಂಚಕಾರ, ಎರಡು ಮೂರು ತಿಂಗಳಲ್ಲಿ ಶಾಲೆಗೆ ಇದಕ್ಕಿಂತ ಒಳ್ಳೆಯ ಗಾಜು ಬರುತ್ತದೆ, ಬೇಕಾದರೆ ಬರೆದುಕೊಡುತ್ತೇನೆ ಎಂದ. ಸೋಮವಾರದ ತಪಾಸಣೆಯ ವಿಷಯವನ್ನು ಅವಳು ಹೇಳಿದಳು. ಮುಚ್ಚಿಬಿಡುತ್ತಾರೆ, ಮಕ್ಕಳು ಊರುಬಿಟ್ಟು ಹೋಗಬೇಕಾಗುತ್ತದೆ ಎಂದಳು.

"ಹೋದರೆ ಹೋಗಲಿ ಬಿಡಮ್ಮ. ಹಾಸ್ಟೆಲಲ್ಲಿದ್ರೆ ಮಕ್ಕಳಿಗೆ ಏನಾಗತ್ತೆ? ನನ್ನ ಮಗಳೂ ಹಾಸ್ಟೆಲಲ್ಲೇ ಓದ್ತಿದಾಳೆ."

"ಎಷ್ಟು ವಯಸ್ಸು?"

"ಹತ್ತೊಂಬತ್ತು."

"ನಮ್ಮದಕ್ಕೆ ಎಂಟು. ತಲೆ ಬಾಚಿಕೊಳ್ಳೋಕೆ ಬರಲ್ಲ."

ಇಂಜಿನಿಯರ್ ಪೆಟ್ಟಿಗೆಯತ್ತ ತಿರುಗಿದ. ಜೇಬಿನಿಂದ ಸೀಮೆಸುಣ್ಣ ತೆಗೆದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇಲಾಖೆಯ ಹೆಸರು ಬರೆದ. ಮೂರು ಗಂಟೆಗೆ ಆದೇಶ ಪತ್ರ, ಲಾರಿ, ಕೆಲಸಗಾರರು ಎಲ್ಲ ತರುತ್ತೇನೆ, ಅಲ್ಲಿಯವರೆಗೆ ಇದನ್ನು ಯಾರೂ ಮುಟ್ಟಕೂಡದು ಎಂದು ಹೇಳಿ ಹೋದ.

ಜೀಪಿನ ಸದ್ದು ಅಡಗುವವರೆಗೆ ಗಾಜಿನಕ್ಕ ಆ ಅಕ್ಷರಗಳನ್ನೇ ನೋಡುತ್ತ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆಯ ಮೊಳೆ ಕೀಳಲು ಶುರು ಮಾಡಿದಳು. ಚಿಕ್ಕಕ್ಕ ಅವಳ ಕೈ ಹಿಡಿದುಕೊಂಡಳು.

"ಅತ್ತಿಗೆ, ತಲೆ ನೆಟ್ಟಗಿದೆಯಾ? ಅಂಗಡಿ ಇರೋದು ಸರ್ಕಾರದ ಜಾಗದಲ್ಲಿ. ನಾಳೆ ಬೀದಿಗೆ ಬೀಳ್ತೀವಿ."

"ಬೀಳೋಣ. ನಿಂಗೆ ಬೀದಿ ಹೊಸದಾ? ಆ ಕಡೆ ಹಿಡಿ."

"ಮೂರು ಗಂಟೆಗೆ ಬರ್ತಾನೆ."

"ಬರಲಿ. ಕೊಯ್ದ ಗಾಜನ್ನ ಎಳೆದು ದೊಡ್ಡದು ಮಾಡೋ ಇಂಜಿನಿಯರ್ ಇನ್ನೂ ಹುಟ್ಟಿಲ್ಲ."

ಚಿಕ್ಕಕ್ಕ ಹಿಡಿದ ಕೈ ಸಡಿಲಿಸಿದಳು. ನಮ್ಮಣ್ಣ ನಿನ್ನನ್ನ ಕಟ್ಟಿಕೊಂಡು ಹೇಗೆ ಬಾಳಿದನೋ ಎಂದು ಗೊಣಗುತ್ತ ಹಾಳೆಯ ಆ ಕಡೆ ಹಿಡಿದಳು.

ಮೊದಲ ಹಾಳೆಯನ್ನು ಮೇಜಿನ ಕಂಬಳಿಯ ಮೇಲೆ ಮಲಗಿಸಿ, ಕಟ್ಟರ್ ಅನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಗಾಜಿನಕ್ಕ ಗೆರೆ ಎಳೆದಳು. ಮೂರು ಗೆರೆ ಸರಿಯಾಗಿ ಬಂದವು. ನಾಲ್ಕನೆಯದಕ್ಕೆ ಅವಳ ಕಿವಿಯಲ್ಲಿ ಆ ಮನುಷ್ಯನ "ಹೋದರೆ ಹೋಗಲಿ" ಮೊಳಗಿತು. ಕಟ್ಟರ್ ಅನ್ನು ಜೋರಾಗಿ ಒತ್ತಿದಳು. ಗಾಜು ಗೆರೆ ಬಿಟ್ಟು ಓಡಿತು, ಟಣ್ ಎಂದು ಮೂಲೆಯಿಂದ ಮೂಲೆಗೆ ಸೀಳಿತು. ಒಂದೇ ಏಟಿಗೆ ಐದು ಚೌಕ ಹಾಳು. ಇನ್ನು ಮೂರು ಒಡೆದರೂ ತಡೆದೀತು, ನಾಲ್ಕನೆಯದು ಒಡೆದರೆ ಒಂದು ಕಿಟಕಿ ಬಾಯಿ ಬಿಟ್ಟುಕೊಂಡೇ ಉಳಿಯುತ್ತದೆ. ಚಿಕ್ಕಕ್ಕ ಪೊರಕೆ ತಂದು ಚೂರು ಗುಡಿಸಿದಳು. ಅವಳು ಬೈಯದಿದ್ದದ್ದೇ ಗಾಜಿನಕ್ಕನಿಗೆ ದೊಡ್ಡ ಬೈಗುಳವಾಯಿತು. ಹಿತ್ತಲಿಗೆ ಹೋಗಿ ತಣ್ಣೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿಕೊಂಡು ಕುಳಿತಳು. ಸಿಟ್ಟೇನೂ ಹೋಗಲಿಲ್ಲ, ಕೈಯಿಂದ ಹೊಟ್ಟೆಗೆ ಇಳಿಯಿತು. ಅಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿತ್ತು.

ಆಮೇಲೆ ಕೈ ತಪ್ಪಲಿಲ್ಲ. ಎಳೆಯುವುದು, ಕೆಳಗಿನಿಂದ ಮೆಲ್ಲಗೆ ತಟ್ಟುವುದು, ಮೇಜಿನ ಅಂಚಿಗೆ ತಂದು ಮುರಿಯುವುದು. ಚಿಕ್ಕಕ್ಕ ಚೌಕಗಳನ್ನು ಎತ್ತಿ ನಡುವೆ ಪತ್ರಿಕೆ ಇಟ್ಟು ಜೋಡಿಸಿದಳು. ಅಳತೆ ಹಿಡಿಯಲು ಶಾಲೆಗೆ ಹೋಗುವ ಕೆಲಸವಿರಲಿಲ್ಲ, ಮಾವ ಹಾಕಿಕೊಟ್ಟ ಅಳತೆ ಅವಳ ತೋಳಿಗೇ ಗೊತ್ತಿತ್ತು. ಎರಡನೇ ಹಾಳೆ ಮುಗಿಯುವಷ್ಟರಲ್ಲಿ ಸುದ್ದಿ ಹೋಗಿ ಹೆಡ್‌ಮೇಡಂ ಏದುಸಿರು ಬಿಡುತ್ತ ಬಂದರು. ನಾನು ಸರ್ಕಾರಿ ನೌಕರಳು, ಇದಕ್ಕೆ ಹೂಂ ಎನ್ನಲಾರೆ, ಉಹೂಂ ಎನ್ನಲೂ ಆಗುತ್ತಿಲ್ಲ ಎಂದರು. ನೀವು ಏನೂ ಅನ್ನಬೇಡಿ ಮೇಡಂ, ಸುಮ್ಮನೆ ಹೊತ್ತುಕೊಂಡು ಹೋಗಿ ಎಂದಳು ಚಿಕ್ಕಕ್ಕ. ಹೆಡ್‌ಮೇಡಂ ಕನ್ನಡಕ ಒರೆಸಿಕೊಂಡರು, ಮೈಮೇಲಿನ ಶಾಲು ತೆಗೆದು ಎಂಟು ಚೌಕಗಳನ್ನು ಸುತ್ತಿದರು, ಮಗುವನ್ನು ಎತ್ತಿಕೊಂಡಂತೆ ಎದೆಗೆ ಅವುಚಿಕೊಂಡು ಹೊರಟರು. ಅವರ ಹಿಂದೆ ಮಕ್ಕಳ ತಾಯಂದಿರು ಕಂಬಳಿ, ಹಾಸಿಗೆ, ಹಳೆಯ ಸೀರೆ ಹಿಡಿದುಕೊಂಡು ಒಬ್ಬೊಬ್ಬರಾಗಿ ಬಂದರು. ಗಾಜು ಹೊತ್ತು ನಡೆಯುವ ಹೆಂಗಸರು ಬಾಯಿ ಮುಚ್ಚಿಕೊಂಡು ನಡೆಯುತ್ತಾರೆ. ಆ ಬೀದಿ ಅಷ್ಟು ಹೊತ್ತು ಅಷ್ಟು ಸುಮ್ಮನಿದ್ದದ್ದು ಅದೇ ಮೊದಲು.

ಮೂರಕ್ಕೆ ಐದು ನಿಮಿಷ ಇರುವಾಗ ಲಾರಿ ಬಂತು. ಐದು ಹಾಳೆ ಚೌಕಗಳಾಗಿ ಶಾಲೆ ಸೇರಿದ್ದವು. ಆರನೆಯದು ಮೇಜಿನ ಮೇಲಿತ್ತು, ಕೊನೆಯ ಗೆರೆ ಬಾಕಿ. ಬಾಗಿಲಲ್ಲಿ ನಿಂತ ಇಂಜಿನಿಯರ್‌ಗೆ ಕಂಡದ್ದು ಬರಿ ಪೆಟ್ಟಿಗೆ, ಅದರ ಮೇಲೆ ತಾನೇ ಬರೆದ ಅಕ್ಷರ. ನಿಲ್ಲಿಸು ಎಂದು ಕೂಗಿದ. ಗಾಜಿನಕ್ಕ ತಲೆ ಎತ್ತದೆ ಗೆರೆ ಎಳೆದು, ತಟ್ಟಿ, ಮುರಿದು, ಚೌಕವನ್ನು ಮೇಜಿನ ಮೇಲೆ ಇಟ್ಟಳು.

"ಈಗ ತಗೊಂಡು ಹೋಗಿ ಸಾರ್. ಒಂದೂವರೆ ಅಡಿ, ಒಂದು ಅಡಿ. ಮಂತ್ರಿಗಳ ಒಂದೊಂದು ಕಣ್ಣಿಗೆ ಒಂದೊಂದು ಹಿಡಿದು ಗುಡ್ಡ ತೋರಿಸಿ."

ಲಾರಿಯವನೊಬ್ಬ ನಗು ತಡೆಯಲಾರದೆ ಕೆಮ್ಮಿದ. ಇಂಜಿನಿಯರ್‌ನ ಮುಖ ಸುಣ್ಣವಾಗಿತ್ತು, ಈಗ ಕೆಂಪಾಯಿತು. ಇದು ದೇಶದ್ರೋಹ, ಇದರ ಅರ್ಥ ಗೊತ್ತಾ ನಿನಗೆ ಎಂದ.

ಗಾಜಿನಕ್ಕ ಕಟ್ಟರ್ ಕೆಳಗಿಟ್ಟಳು. ಅವಳು ಕೂಗಲಿಲ್ಲ.

"ನನಗೆ ಗೊತ್ತಿರೋದು ಹೇಳ್ತೀನಿ ಕೇಳಿ. ಆ ಗುಡ್ಡ ನಮ್ಮದು ಅಂತ ನೀವೇ ತಾನೇ ಹೇಳೋದು? ನಮ್ಮದು ಅನ್ನೋಕೆ ಇಲ್ಲಿ ನಾವು ಇರಬೇಕಲ್ಲ. ಶಾಲೆ ಮುಚ್ಚಿದ್ರೆ ಮಕ್ಕಳು ಹೋಗ್ತವೆ. ಮಕ್ಕಳ ಹಿಂದೆ ತಾಯಂದಿರು ಹೋಗ್ತಾರೆ. ಆಮೇಲೆ ಇಲ್ಲಿ ಉಳಿಯೋದು ಫಿರಂಗಿ, ನಿಮ್ಮ ಮಂದಿರ, ನೋಡೋಕೆ ಬಂದ ಜನ. ಎದುರಿನ ಊರಲ್ಲೂ ಹಾಗೇ ಆಗಿರತ್ತೆ. ಆಗ ಇಬ್ಬರೂ ಕೂತು ದುರ್ಬೀನಲ್ಲಿ ಒಬ್ಬರನ್ನೊಬ್ಬರು ನೋಡ್ಕೊಳ್ಳಿ. ನನ್ನ ತಾಯಿ ತವರು ಕಳ್ಕೊಂಡಳು, ಸುಮ್ಮನಿದ್ದಳು. ನಾನು ಗಂಡನ್ನ ಕಳ್ಕೊಂಡೆ, ಸುಮ್ಮನಿದ್ದೆ. ಈ ಮಗುನ ಕಳಿಸಿ ಸುಮ್ಮನಿರೋಕೆ ನನ್ನ ಕೈಲಿ ಆಗಲ್ಲ. ಏನ್ ಬರ್ಕೋತೀರೋ ಬರ್ಕೊಳ್ಳಿ."

ಅವನು ಬರೆದುಕೊಂಡ. ಕಟ್ಟರ್ ಅನ್ನು ಜೇಬಿಗೆ ಹಾಕಿಕೊಂಡ. ಹೆಂಗಸರಿಬ್ಬರನ್ನೂ ಹೊರಗೆ ಕಳಿಸಿ ಅಂಗಡಿಗೆ ಬೀಗ ಜಡಿಸಿ, ಅದರ ಮೇಲೆ ಅರಗಿನ ಮೊಹರು ಒತ್ತಿಸಿದ. ಮೇಜಿನ ಮೇಲಿದ್ದ ಆರನೇ ಹಾಳೆಯ ಹದಿನಾರು ಚೌಕ ಒಳಗೇ ಉಳಿದವು.

ಶಾಲೆಯಲ್ಲಿ ಸೇರಿದ್ದವು ಎಪ್ಪತ್ತೈದು. ಬೇಕಾದದ್ದು ಎಂಬತ್ತೆಂಟು. ಹದಿಮೂರು ಕಡಿಮೆ. ನಮ್ಮ ಮನೆಯದು ನಾಲ್ಕು ಕೊಡುತ್ತೇವೆ, ನಮ್ಮದು ಎರಡು ಎಂದು ತಾಯಂದಿರಲ್ಲಿ ಒಬ್ಬಿಬ್ಬರು ಮುಂದೆ ಬಂದರು. ಗಾಜಿನಕ್ಕ ಅವರ ಮೇಲೂ ರೇಗಿದಳು. ಒಬ್ಬಳ ಮನೆಯಲ್ಲಿ ಹಾಲು ಕುಡಿಯುವ ಕೂಸು, ಇನ್ನೊಬ್ಬಳ ಮನೆಯಲ್ಲಿ ಉಬ್ಬಸದ ಮಾವ, ಗಾಜು ಬಿಚ್ಚಿ ಕೊಟ್ಟು ಚಳಿಗಾಲ ಹೇಗೆ ಕಳೆಯುತ್ತೀರಿ ಎಂದಳು. ಉಳಿ ತೆಗೆದುಕೊಂಡು ಸೀದಾ ತನ್ನ ಮನೆಗೆ ಹೋಗಿ, ಮಲಗುವ ಕೋಣೆಯ ಕಿಟಕಿಯ ಎಂಟು ಚೌಕಗಳನ್ನೂ ಬಿಚ್ಚಿದಳು. ಚಿಕ್ಕಕ್ಕ ಅಡುಗೆಮನೆಯದರಲ್ಲಿ ಐದು ಬಿಚ್ಚಿದಳು. ಆ ಗಾಜುಗಳನ್ನು ಕೂರಿಸಿದ್ದವನು ಗಂಡ. ಅವನು ಒತ್ತಿದ ಹಿಟ್ಟು ಕಲ್ಲಾಗಿತ್ತು, ಅದರ ಅಂಚಿನಲ್ಲಿ ಅವನ ಹೆಬ್ಬೆರಳಿನ ಗುರುತು ಸಾಲಾಗಿ ಕಾಣುತ್ತಿತ್ತು. ಉಳಿಯಿಂದ ಅದನ್ನು ಎಬ್ಬಿಸುವಾಗ ಅವಳು ಬಾಯಿ ಬಿಟ್ಟು ಬೈದಳು. ಬೋಳುಗುಡ್ಡಕ್ಕೆ ಬೈದಳು, ಗೆರೆ ಎಳೆದವರಿಗೆ ಬೈದಳು, ಎರಡು ಸರ್ಕಾರಗಳ ಏಳು ತಲೆಮಾರನ್ನೂ ಬಿಡಲಿಲ್ಲ. ಚಿಕ್ಕಕ್ಕ ಕೇಳಿಯೂ ಕೇಳಿಸದವಳಂತೆ ಪಕ್ಕದ ಕೋಣೆಯಲ್ಲಿ ಮೂಗು ಒರೆಸಿಕೊಂಡಳು. ಖಾಲಿಯಾದ ಕಿಟಕಿಗಳಿಗೆ ರಟ್ಟು ಹೊಡೆದರು.

ಶುಕ್ರವಾರ, ಶನಿವಾರ, ಭಾನುವಾರ, ಮೂರು ದಿನ ಅವರಿಬ್ಬರೂ ಶಾಲೆಯಲ್ಲಿ, ಊರವರು ತಂದುಕೊಟ್ಟ ಹಳೆಯ ಟ್ಯೂಬುಗಳ ಪಟ್ಟಿ ಇಟ್ಟು, ಹಿಟ್ಟು ನಾದಿ, ಗಾಜು ಕೂರಿಸಿದರು. ಭಾನುವಾರ ಮಧ್ಯಾಹ್ನ ಮೇಲಿನ ದಿಣ್ಣೆಯಿಂದ ಮೈಕಿನ ಸದ್ದು ಬಂತು. ಗಾಜಿಲ್ಲದ ಮಂದಿರದೊಳಗೆ ಗಾಳಿ ಹೊಕ್ಕು ಮಂತ್ರಿಗಳ ಭಾಷಣದ ಹಾಳೆಗಳನ್ನು ಆ ಕಡೆಯ ದೇಶದತ್ತ ಹಾರಿಸಿಕೊಂಡು ಹೋಯಿತಂತೆ. ಅದನ್ನು ಕೇಳಿ ಇಡೀ ಊರು ನಕ್ಕಿತು. ಗಾಜಿನಕ್ಕ ಮಾತ್ರ, ಭಾಷಣ ಹೋದರೆ ಇನ್ನೊಂದು ಬರೆಸಿಕೊಳ್ಳುತ್ತಾರೆ, ನಗುವುದು ಬಿಟ್ಟು ಆ ಏಣಿ ಹಿಡಿಯಿರಿ ಎಂದಳು.

ಸೋಮವಾರ ತಪಾಸಣೆಯ ಹೆಂಗಸು ಬಂದರು. ಮಫ್ಲರ್ ಸುತ್ತಿಕೊಂಡ, ನೆಗಡಿಯಾದ ಮುಖ. ಹನ್ನೊಂದು ಕಿಟಕಿಗಳನ್ನೂ ಬೆರಳಿನಿಂದ ತಟ್ಟಿ ನೋಡಿ, ಪಟ್ಟಿಯಲ್ಲಿ ಹನ್ನೊಂದು ಗುರುತು ಹಾಕಿ, ಚಹಾ ಕುಡಿದು ಹೋದರು. ಶಾಲೆ ಉಳಿಯಿತು. ಚೂಟಿ ಅವತ್ತು ಮಗ್ಗಿ ತಪ್ಪು ಹೇಳಿ ಬೆಂಚಿನ ಮೇಲೆ ನಿಂತಳು. ಅಂಗಳದಲ್ಲಿ ಒಡಕು ಗಾಜು ಗುಡಿಸುತ್ತಿದ್ದ ಅಜ್ಜಿ ಹೊಸ ಗಾಜಿನೊಳಗಿಂದ ಅದನ್ನು ನೋಡಿ, ಸರಿಯಾಗಿ ನಿಲ್ಲು ಎಂದು ಹೊರಗಿನಿಂದಲೇ ಕಣ್ಣು ಬಿಟ್ಟಳು.

ಅದಾದ ವಾರಕ್ಕೆ ಇಲಾಖೆಯ ಗುಮಾಸ್ತ ಒಂದು ಕಾಗದ ಹಿಡಿದು ಮನೆಗೆ ಬಂದ. ಕೇಸು ಬೇಡವೆಂದು ಮೇಲಿನವರು ದೊಡ್ಡ ಮನಸ್ಸು ಮಾಡಿದ್ದಾರೆ, ಇದಕ್ಕೊಂದು ಸಹಿ ಹಾಕಿದರೆ ನಾಳೆಯೇ ಬೀಗ ತೆಗೆಯುತ್ತಾರೆ ಎಂದ. ಗಾಜಿನಕ್ಕ ನಾಲ್ಕನೇ ತರಗತಿಯವರೆಗೆ ಓದಿದವಳು. ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತಾನು ಅಜ್ಞಾನದಿಂದ ದೇಶದ ಹಿತಕ್ಕೆ ಧಕ್ಕೆ ತಂದಿದ್ದಾಗಿ, ಅದಕ್ಕಾಗಿ ಕ್ಷಮೆ ಕೋರುವುದಾಗಿ ಬರೆದಿತ್ತು. ಚಿಕ್ಕಕ್ಕ ಹಿಂದೆ ನಿಂತು ಅವಳ ಬೆನ್ನು ತಿವಿದಳು, ಹಾಕಿಬಿಡು, ಅಕ್ಷರಕ್ಕೆ ಏನು ಬಾಯಿ ಇದೆಯಾ ಎಂದು ಪಿಸುಗುಟ್ಟಿದಳು.

"ಇದರಲ್ಲಿ ತಪ್ಪಿದೆ," ಎಂದಳು ಗಾಜಿನಕ್ಕ ಗುಮಾಸ್ತನಿಗೆ. "ಅಜ್ಞಾನ ಅಂತ ಬರ್ದಿದೀರಿ. ನಾನು ಎಲ್ಲ ಗೊತ್ತಿದ್ದೇ ಮಾಡಿದ್ದು. ಶಾಲೆಗೆ ಕಿಟಕಿ ಹಾಕಿದೆ ಅಂತ ಬರ್ಕೊಂಡು ಬಾ, ಎರಡು ಸಹಿ ಹಾಕ್ತೀನಿ."

ಗುಮಾಸ್ತ ಕಾಗದ ಮಡಚಿಕೊಂಡು ಹೋದ. ಬೀಗ ಹಾಗೇ ಉಳಿಯಿತು. ಚಿಕ್ಕಕ್ಕ ಎರಡು ದಿನ ಅತ್ತಿಗೆಯ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಚೂಟಿಯ ಬಾಯಲ್ಲಿ ಹೇಳಿಸಿದಳು. ಮೂರನೆಯ ದಿನ ಬೆಳಗಿನ ಬಸ್ಸು ಹತ್ತಿ ಕೆಳಗಿನ ಪಟ್ಟಣಕ್ಕೆ ಹೋದವಳು ಸಂಜೆ ಬಂದು, ಪತ್ರಿಕೆಯಲ್ಲಿ ಸುತ್ತಿದ ಹೊಸ ಕಟ್ಟರ್ ಒಂದನ್ನು ಅತ್ತಿಗೆಯ ಮಡಿಲಿಗೆ ಎಸೆದಳು. ಬೇಕರಿಯವರ ಕಿಟಕಿ ಒಡೆದಿದೆ, ಜಗುಲಿಯ ಮೇಲೇ ಕುಳಿತು ಕೊಯ್ಯಿ ಎಂದಳು.

ಗಾಜಿನಕ್ಕ ಸುತ್ತು ಬಿಚ್ಚಿ, ಕಟ್ಟರಿನ ಮೊನೆಯನ್ನು ಉಗುರಿಗೆ ತಾಗಿಸಿ ನೋಡಿದಳು.

"ಇದಾ? ಇದರಲ್ಲಿ ಬೆಣ್ಣೆ ಕೊಯ್ಯಬಹುದು," ಎಂದಳು. "ಯಾರು ನಿನಗೆ ಇದನ್ನ ಕಟ್ಟಿದ್ದು? ನಾಳೆ ನಾನೂ ಬರ್ತೀನಿ, ಅವನ ಅಂಗಡಿ ತೋರಿಸು."